ಹರಿಯುವ ನೀರಿನ ಲೆಕ್ಕ ಯಾರ ಕೈಯಲ್ಲಿದೆ?

ಸಕಲೇಶಪುರ ತಾಲೂಕಿನ ಘಟ್ಟದಂಚಿನಲ್ಲಿ ಹುಟ್ಟಿ, ಪಶ್ಚಿಮಕ್ಕೆ ಹರಿದು ನೇತ್ರಾವತಿಯನ್ನು ಸೇರುವ ಹಳ್ಳಗಳ ನೀರನ್ನು ಎತ್ತಿ ಪೂರ್ವದ ಬಯಲು ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಗೊಂಡಿತು. ಈ ಯೋಜನೆಯ ಪರವಾಗಿ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿಯೂ ವಿರುದ್ಧವಾಗಿ ಕರಾವಳಿಯಲ್ಲಿಯೂ ನಡೆದ ಹೋರಾಟಗಳನ್ನು ನಾಡು ಕಂಡಿದೆ. ರಾಜಕೀಯ ಪಕ್ಷಗಳು ತಮ್ಮ ತಮ್ಮ ಲಾಭಕ್ಕೆ ತಕ್ಕಂತೆ ಮಾತನಾಡಿವೆ. ಆದರೆ ಈ ಎಲ್ಲ ಗದ್ದಲದ ತಳದಲ್ಲಿ ಇರುವುದು ಒಂದು ಸಂಖ್ಯೆ. ಸರಕಾರದ ಯೋಜನಾ ವರದಿಯ ಪ್ರಕಾರ ಅಲ್ಲಿ ದೊರೆಯುವ ನೀರು ವರ್ಷಕ್ಕೆ 24.01 ಟಿ.ಎಂ.ಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಅವರ ತಂಡದ ಅಧ್ಯಯನದ ಪ್ರಕಾರ ಅದು ಕೇವಲ 9.55 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ಸುಮಾರು 2,831 ಕೋಟಿ ಲೀಟರ್. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸವು ಗೊರೂರಿನ ಹೇಮಾವತಿ ಜಲಾಶಯದ ಒಟ್ಟು ಸಾಮರ್ಥ್ಯದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. 2014ರಲ್ಲಿ 12,912 ಕೋಟಿ ರೂಪಾಯಿಗಳೆಂದು ಅಂದಾಜಿಸಲಾಗಿದ್ದ ಯೋಜನೆಯ ವೆಚ್ಚ ಆ ಬಳಿಕ 23,251 ಕೋಟಿಗೆ ಏರಿತು. ಇಷ್ಟು ದೊಡ್ಡ ಮೊತ್ತವನ್ನು ವ್ಯಯಿಸುವಾಗ, ಹರಿಯುವ ನೀರು ಎಷ್ಟು ಎಂಬ ಮೊದಲ ಪ್ರಶ್ನೆಗೇ ನಾಡಿನಲ್ಲಿ ಒಮ್ಮತವಿರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಯಾರ ಲೆಕ್ಕ ಸರಿ ಎಂದು ತೀರ್ಪು ನೀಡುವುದು ಈ ಬರಹದ ಉದ್ದೇಶವಲ್ಲ. ಆದರೆ ಓದುಗರು ಒಂದು ಅಂಶವನ್ನು ಗಮನಿಸಬೇಕು. ಆ ಹಳ್ಳಗಳಿಗೆ ನೀರುಣಿಸುವ ಪ್ರದೇಶದ ವಿಸ್ತಾರ ಸುಮಾರು 180 ಚದರ ಕಿಲೋಮೀಟರ್. 24 ಟಿ.ಎಂ.ಸಿ. ನೀರು ಸಿಗಬೇಕಾದರೆ ಆ ಇಡೀ ಪ್ರದೇಶದ ಮೇಲಿಂದ ಸುಮಾರು 3.8 ಮೀಟರ್ ಎತ್ತರದಷ್ಟು ನೀರು ಹರಿದು ಬರಬೇಕು. 9.55 ಟಿ.ಎಂ.ಸಿ.ಗೆ ಒಂದೂವರೆ ಮೀಟರ್ ಸಾಕು. ಅಲ್ಲಿ ಬೀಳುವ ಮಳೆಯಲ್ಲಿ ಕಾಡು ಎಷ್ಟನ್ನು ಹೀರುತ್ತದೆ, ಮಣ್ಣು ಎಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಷ್ಟು ಆವಿಯಾಗುತ್ತದೆ, ಉಳಿದು ಹಳ್ಳಕ್ಕೆ ಬರುವುದೆಷ್ಟು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಶಾಸ್ತ್ರಕ್ಕೆ ಜಲವಿಜ್ಞಾನ ಎಂದು ಹೆಸರು. ನೆಲದ ಮೇಲೆ ಹರಿದು ಹೋಗುವ ಮಳೆನೀರಿನ ಲೆಕ್ಕವನ್ನು ಗಣಿತ ಮತ್ತು ಕಂಪ್ಯೂಟರಿನ ನೆರವಿನಿಂದ ಕಟ್ಟುವುದು ಅದರ ಒಂದು ಮುಖ್ಯ ಶಾಖೆ. ನಮ್ಮ ಪಟ್ಟಣಗಳಿಂದ ಪ್ರತಿ ವರ್ಷವೂ ಇಂಜಿನಿಯರಿಂಗ್ ಮತ್ತು ವಿಜ್ಞಾನ ಪದವಿ ಪಡೆದು ಹೊರಬರುವ ಯುವಕ ಯುವತಿಯರಿಗೆ ಈ ಕ್ಷೇತ್ರದ ಪಿಎಚ್‌ಡಿ ಒಂದು ಯೋಗ್ಯ ದಾರಿಯೆಂದು ನಾವು ಭಾವಿಸುತ್ತೇವೆ. ಆ ದಾರಿಯನ್ನು ಅವರಿಗೆ ಯಾರೂ ತೋರಿಸುತ್ತಿಲ್ಲ ಎಂಬುದೇ ನಮ್ಮ ಕಳವಳ.

ಈ ಲೆಕ್ಕ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯು 1950ರ ದಶಕದಲ್ಲಿ ರೂಪಿಸಿದ ಒಂದು ವಿಧಾನ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ ಪ್ರತಿಯೊಂದು ತುಂಡು ನೆಲಕ್ಕೂ 100ರೊಳಗಿನ ಒಂದು ಅಂಕ. ನೀರನ್ನು ಚೆನ್ನಾಗಿ ಹೀರುವ ನೆಲಕ್ಕೆ ಕಡಿಮೆ ಅಂಕ, ಕಾಂಕ್ರೀಟು ಹಾಸಿದ ನೆಲಕ್ಕೆ ಹೆಚ್ಚು ಅಂಕ. ಒಂದೇ ದಿನ 100 ಮಿಲಿಮೀಟರ್ ಮಳೆ ಸುರಿದರೆ, ಅಂಕ 60 ಇರುವ ನೆಲದಿಂದ ಸುಮಾರು 19 ಮಿಲಿಮೀಟರ್ ಮಾತ್ರ ಹರಿದು ಹೋಗುತ್ತದೆ. ಅಂಕ 90 ಇರುವ ನೆಲದಿಂದ ಸುಮಾರು 73 ಮಿಲಿಮೀಟರ್ ಹರಿಯುತ್ತದೆ. ಮಳೆ ಅದೇ, ಮೋಡ ಅದೇ, ಹರಿವು ಮಾತ್ರ ಹೆಚ್ಚುಕಡಿಮೆ ನಾಲ್ಕು ಪಟ್ಟು. ಹಾಸನದಂತಹ ನಗರದಲ್ಲಿ ಕೆರೆಯಂಗಳಗಳೂ ಹೊಲಗಳೂ ಬಡಾವಣೆಗಳಾದಾಗ, ಹಿಂದೆ ನೀರು ನುಗ್ಗದ ಬೀದಿಗಳಿಗೆ ಈಗ ಏಕೆ ನೀರು ನುಗ್ಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಆ ನೀರು ಮೊದಲು ನುಗ್ಗುವುದು ತಗ್ಗಿನಲ್ಲಿ, ರಾಜಕಾಲುವೆಯ ಬದಿಯಲ್ಲಿ, ಅಗ್ಗದ ನಿವೇಶನದಲ್ಲಿ ಮನೆ ಕಟ್ಟಿಕೊಂಡ ಬಡವರ ಮನೆಗೆ. ಆ ಬಡವರಲ್ಲಿ ನಮ್ಮ ಸಮುದಾಯದವರು ಎಷ್ಟು ಮಂದಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಪ್ರಶ್ನೆಯೂ ಇದೆ. ಆ ಅಂಕಗಳನ್ನು ಮೂಲತಃ ನಿಗದಿಪಡಿಸಿದ್ದು ಅಮೆರಿಕದ ಹೊಲಗಳ ಅನುಭವದಿಂದ. ನಮ್ಮ ಕೆಂಪು ಮಣ್ಣಿಗೆ, ಮರದ ನೆರಳಿನ ಕಾಫಿ ತೋಟಕ್ಕೆ, ತೆಂಗಿನ ತೋಟಕ್ಕೆ, ಆಲೂಗಡ್ಡೆ ಮತ್ತು ಶುಂಠಿಯ ಹೊಲಕ್ಕೆ ಅವು ಎಷ್ಟರ ಮಟ್ಟಿಗೆ ಹೊಂದುತ್ತವೆ? ಇದನ್ನು ಇಲ್ಲಿಯೇ ಅಳೆದು, ಇಲ್ಲಿಯೇ ಪರೀಕ್ಷಿಸಿ ಹೇಳಬೇಕಾಗುತ್ತದೆ. ಪಿಎಚ್‌ಡಿ ಸಂಶೋಧನೆ ಎಂದರೆ ಇಂತಹ ಪ್ರಶ್ನೆಯೊಂದನ್ನು ಹಿಡಿದು ನಾಲ್ಕೈದು ವರ್ಷ ಅದರ ಬೆನ್ನು ಹತ್ತುವುದು.

ಈ ದೃಷ್ಟಿಯಿಂದ ಹಾಸನ ಜಿಲ್ಲೆಯೇ ಒಂದು ತೆರೆದ ಪ್ರಯೋಗಶಾಲೆ. ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಪೂರ್ವದ ಚನ್ನರಾಯಪಟ್ಟಣಕ್ಕೆ ಬರುವಾಗ ಅದು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಒಂದೇ ಜಿಲ್ಲೆಯಲ್ಲಿ ಮಲೆನಾಡೂ ಬಯಲುಸೀಮೆಯೂ ಇರುವುದರಿಂದ ಎರಡನ್ನೂ ಹೋಲಿಸಿ ನೋಡುವ ಅವಕಾಶ ಇಲ್ಲಿನ ವಿದ್ಯಾರ್ಥಿಗೆ ಮನೆಬಾಗಿಲಲ್ಲೇ ಇದೆ. ಮೂಡಿಗೆರೆ ತಾಲೂಕಿನಲ್ಲಿ ಹುಟ್ಟುವ ಹೇಮಾವತಿಗೆ 1979ರಲ್ಲಿ ಗೊರೂರಿನಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಅದರ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಅಣೆಕಟ್ಟಿನ ಮೇಲಿನ ಜಲಾನಯನ ಪ್ರದೇಶ ಸುಮಾರು 2,800 ಚದರ ಕಿಲೋಮೀಟರ್. ಅಂದರೆ ಆ ಪ್ರದೇಶದಿಂದ ಹರಿದು ಬರುವ ನೀರಿನ ಅಂದಾಜಿನಲ್ಲಿ ಕೇವಲ 10 ಮಿಲಿಮೀಟರ್ ತಪ್ಪಾದರೂ ಜಲಾಶಯದ ಲೆಕ್ಕದಲ್ಲಿ ಒಂದು ಟಿ.ಎಂ.ಸಿ. ತಪ್ಪಾಗುತ್ತದೆ.

ಆ ತಪ್ಪಿನ ಬೆಲೆಯನ್ನು ತೆರುವವರು ಅಣೆಕಟ್ಟಿನ ಕೆಳಗಿನವರು. ಹೊಳೆನರಸೀಪುರ ಪಟ್ಟಣ ಇರುವುದು ಹೇಮಾವತಿಯ ದಡದಲ್ಲಿ, ಗೊರೂರಿನ ಕೆಳಗೆ. ಮೇಲೆ ಎಷ್ಟು ಮಳೆ ಬಿತ್ತು, ಎಷ್ಟು ಹೊತ್ತಿನಲ್ಲಿ ಎಷ್ಟು ನೀರು ಜಲಾಶಯಕ್ಕೆ ಬರಲಿದೆ ಎಂಬುದು ಮೊದಲೇ ತಿಳಿದರೆ ನೀರನ್ನು ಹಂತ ಹಂತವಾಗಿ ಬಿಡಬಹುದು. ತಿಳಿಯದಿದ್ದರೆ ಒಮ್ಮೆಲೇ ಬಿಡಬೇಕಾಗುತ್ತದೆ. ಅರಕಲಗೂಡು ತಾಲೂಕಿನ ಉತ್ತರಕ್ಕೆ ಹೇಮಾವತಿ, ದಕ್ಷಿಣಕ್ಕೆ ಕಾವೇರಿ. ಕೊಡಗಿನಲ್ಲಿ ಮಹಾಮಳೆ ಸುರಿದ 2018ರ ಆಗಸ್ಟ್‌ನಲ್ಲಿಯೂ, ಮರುವರ್ಷ 2019ರ ಆಗಸ್ಟ್‌ನಲ್ಲಿಯೂ ಆ ತಾಲೂಕಿನ ರಾಮನಾಥಪುರದ ಬೀದಿಗಳಿಗೆ ಕಾವೇರಿ ನುಗ್ಗಿತು. ಚನ್ನರಾಯಪಟ್ಟಣದ ಕತೆಯೇ ಬೇರೆ. ಅಲ್ಲಿ ಒಂದರ ಕೋಡಿಯಿಂದ ಇನ್ನೊಂದಕ್ಕೆ ನೀರು ಹರಿಯುವಂತೆ ಹಿರಿಯರು ಕಟ್ಟಿದ ಕೆರೆಗಳ ಸಾಲುಗಳಿವೆ. ಪರದೇಶದಲ್ಲಿ ರೂಪುಗೊಂಡ ಮಾದರಿಗಳು ಈ ಸಣ್ಣ ಕೆರೆಗಳನ್ನು ಸರಿಯಾಗಿ ಗುರುತಿಸುವುದಿಲ್ಲ. ಯಾವ ಕೆರೆಯ ಹೂಳು ತೆಗೆದರೆ ಯಾವ ಊರಿನ ಕೊಳವೆಬಾವಿಗೆ ಜೀವ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ಹೇಳಬಲ್ಲ ಸಂಶೋಧಕನು ಆ ತಾಲೂಕಿನ ರೈತನಿಗೆ ಮಾಡುವ ಉಪಕಾರ ಸಣ್ಣದಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಗಿ ಬಂದುದನ್ನು ನಾವು ಮರೆಯಬಾರದು.

ಇದು ರೈತನ ಹೊಲಕ್ಕೆ ಮಾತ್ರ ಸಂಬಂಧಿಸಿದ ವಿಷಯವೂ ಅಲ್ಲ. 1924ರ ಒಪ್ಪಂದದಿಂದ ಹಿಡಿದು 2007ರ ನ್ಯಾಯಮಂಡಳಿಯ ಅಂತಿಮ ತೀರ್ಪು, 2018ರ ಫೆಬ್ರವರಿಯ ಸುಪ್ರೀಮ್ ಕೋರ್ಟಿನ ತೀರ್ಪಿನವರೆಗೆ ಕಾವೇರಿ ವಿವಾದದ ಇತಿಹಾಸವನ್ನು ನೋಡಿರಿ. ಕಾವೇರಿಯಲ್ಲಿ ಸಾಮಾನ್ಯ ವರ್ಷದಲ್ಲಿ 740 ಟಿ.ಎಂ.ಸಿ. ನೀರಿದೆ ಎಂಬ ಜಲವಿಜ್ಞಾನದ ಅಂದಾಜಿನ ಮೇಲೆಯೇ ಹಂಚಿಕೆ ನಿಂತಿದೆ. ಕರ್ನಾಟಕದ ಪಾಲು 284.75 ಟಿ.ಎಂ.ಸಿ. ಎಂದು ನಿಗದಿಯಾದುದೂ ಆ ಅಂದಾಜಿನೊಳಗೆ. ಮಳೆ ಕೈಕೊಟ್ಟ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಬಗ್ಗೆ ಎರಡು ರಾಜ್ಯಗಳೂ ಒಪ್ಪಿದ ಸೂತ್ರ ಇಂದಿಗೂ ಇಲ್ಲ. ಬೀದಿಯಲ್ಲಿ ಟೈರು ಸುಡುವುದರಿಂದ ಅದು ಸಿಗುವುದೂ ಇಲ್ಲ. ನ್ಯಾಯಾಲಯದ ಮುಂದೆ ನಿಲ್ಲುವುದು ಘೋಷಣೆಯಲ್ಲ, ಅಳತೆಯ ದಾಖಲೆ.

ನೀರನ್ನು ಅಳೆಯುವ ಈ ವಿದ್ಯೆ ಮುಸ್ಲಿಮರಿಗೆ ಹೊಸದೇನೂ ಅಲ್ಲ. ಕೈರೋ ನಗರದ ರೋದಾ ದ್ವೀಪದಲ್ಲಿ ಕ್ರಿ.ಶ. 861ರಲ್ಲಿ ಅಬ್ಬಾಸೀ ಆಡಳಿತದ ಕಾಲದಲ್ಲಿ ಕಟ್ಟಿದ ನೈಲ್ ಮಾಪಕ ಇಂದಿಗೂ ನಿಂತಿದೆ. ಅಲ್ಲಿನ ಕಂಬದ ಮೇಲೆ ನೀರು ಎಷ್ಟು ಗುರುತು ಏರಿತು ಎಂಬುದನ್ನು ನೋಡಿ ಆ ವರ್ಷದ ಬೆಳೆಯನ್ನು ಅಂದಾಜಿಸಿ ರೈತರ ಕಂದಾಯವನ್ನು ನಿರ್ಧರಿಸಲಾಗುತ್ತಿತ್ತು. ಅಲ್‌ಕರಜಿ ಎಂಬ ಗಣಿತಜ್ಞನು 11ನೆಯ ಶತಮಾನದಲ್ಲಿ ಭೂಗತ ನೀರನ್ನು ಹೊರತರುವ ಬಗ್ಗೆ ಗ್ರಂಥವನ್ನೇ ಬರೆದನು. ನಮ್ಮ ನಾಡಿಗೆ ಬಂದರೆ, ಬೀದರಿನಲ್ಲಿ ಬಹಮನಿಗಳ ಕಾಲದ ಕರೇಜ್ ಎಂಬ ಭೂಗತ ಕಾಲುವೆಗಳೂ ವಿಜಾಪುರದಲ್ಲಿ ಆದಿಲ್‌ಶಾಹಿಗಳ ಬೇಗಂ ತಲಾಬ್ ಮತ್ತು ತಾಜ್ ಬಾವಡಿಗಳೂ ಇವೆ. ಹೇಮಾವತಿ ಕೊನೆಗೆ ಸೇರುವ ಕನ್ನಂಬಾಡಿಯಲ್ಲಿ ಟಿಪ್ಪು ಸುಲ್ತಾನನ 1794ರ ಪರ್ಷಿಯನ್ ಶಾಸನವಿದೆ. ಇವುಗಳನ್ನು ಭಾಷಣಗಳಲ್ಲಿ ನೆನೆದು ಹೆಮ್ಮೆಪಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆದರೆ ಆ ವಿದ್ಯೆಯನ್ನು ಮುಂದುವರಿಸುವವರು ನಮ್ಮಲ್ಲಿ ಇಂದು ಎಷ್ಟು ಮಂದಿ? ಹಿರಿಯರು ಕಟ್ಟಿದ ಬಾವಿಯನ್ನು ತೋರಿಸಿ ಮಕ್ಕಳ ಬಾಯಾರಿಕೆಯನ್ನು ತಣಿಸಲಾಗದು.

ಅಂಕಿ ಅಂಶಗಳು ಕಹಿಯಾಗಿವೆ. ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬರು, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು 14.2 ಶೇಕಡಾ. ಆದರೆ 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ಕಾಲೇಜು ವಿಶ್ವವಿದ್ಯಾನಿಲಯಗಳಲ್ಲಿ ನಮ್ಮ ಪಾಲು ಕೇವಲ 4.6 ಶೇಕಡಾ. ಇಂತಹ ಸ್ಥಿತಿಯಲ್ಲಿ, ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ ನೆರವಾಗುತ್ತಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರವು 2022-23ರಿಂದ ನಿಲ್ಲಿಸಿತು. ಇತರ ಯೋಜನೆಗಳಲ್ಲಿಯೂ ಅವರಿಗೆ ಅವಕಾಶವಿದೆ ಎಂಬುದು ಸಂಸತ್ತಿನಲ್ಲಿ ಕೊಟ್ಟ ಕಾರಣ. ಬಾಗಿಲುಗಳು ಹಲವು ಇವೆ ಎಂದು ಹೇಳಿ ಇದ್ದ ಒಂದು ಬಾಗಿಲನ್ನು ಮುಚ್ಚುವುದು ಯಾವ ನ್ಯಾಯ? ಆ ಫೆಲೋಶಿಪ್ ಮರಳಿ ಬರಬೇಕೆಂಬ ಬೇಡಿಕೆಯನ್ನು ನಮ್ಮ ಸಂಸದರೂ ಧುರೀಣರೂ ಕೈಬಿಡಕೂಡದು. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಪಿಎಚ್‌ಡಿ ಫೆಲೋಶಿಪ್ಪಿನ ಮೊತ್ತವೂ ಸರಕಾರ ಬದಲಾದಂತೆ ಏರಿಳಿಯದೆ ಸ್ಥಿರವಾಗಿರಬೇಕು.

ಆದರೆ ಸರಕಾರವನ್ನು ದೂರುತ್ತಾ ಕೂತರೆ ಮಕ್ಕಳ ವಯಸ್ಸು ಕಾಯುವುದಿಲ್ಲ. ತೆರೆದಿರುವ ಬಾಗಿಲುಗಳನ್ನು ಹೆತ್ತವರು ತಿಳಿದಿರಬೇಕು. ಸಿವಿಲ್ ಇಂಜಿನಿಯರಿಂಗ್ ಓದಿದವರಿಗೆ ಮಾತ್ರ ಈ ಕ್ಷೇತ್ರ ಎಂಬ ಭಾವನೆ ತಪ್ಪು. ಕೃಷಿ ಇಂಜಿನಿಯರಿಂಗ್, ಭೂವಿಜ್ಞಾನ, ಪರಿಸರ ವಿಜ್ಞಾನ, ಭೂಗೋಳ, ಗಣಿತ, ಭೌತಶಾಸ್ತ್ರ ಓದಿದವರಿಗೂ ಇಲ್ಲಿ ಕೆಲಸವಿದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಇಂಜಿನಿಯರಿಂಗಿಗೆ ಪ್ರತ್ಯೇಕ ವಿಭಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಲಸಂಶೋಧನೆಗೆಂದೇ ಕೇಂದ್ರವಿದೆ. ಅಲ್ಲಿನವರು ಫ್ರಾನ್ಸಿನ ವಿಜ್ಞಾನಿಗಳೊಡನೆ ಗುಂಡ್ಲುಪೇಟೆ ತಾಲೂಕಿನ ಬೆರಂಬಾಡಿಯಲ್ಲಿ ದೀರ್ಘಕಾಲದಿಂದ ಮಳೆ, ಮಣ್ಣು, ಅಂತರ್ಜಲಗಳನ್ನು ಅಳೆಯುತ್ತಾ ಬಂದಿದ್ದಾರೆ. ರೂರ್ಕಿಯ ಐ.ಐ.ಟಿ.ಯಲ್ಲಿ 1972ರಿಂದ ಜಲವಿಜ್ಞಾನ ವಿಭಾಗವಿದೆ. ಅದೇ ಊರಿನ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಊರು ಬಿಡಲಾಗದವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಸಂಶೋಧನಾ ಕೇಂದ್ರಗಳಿರುವ ಕಾಲೇಜುಗಳಿವೆ. 1960ರಲ್ಲಿ ಸ್ಥಾಪನೆಗೊಂಡ ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ನಮ್ಮ ಕಣ್ಣೆದುರಿಗೇ ಇದೆ. ಬೇಕಾದ ವಿಷಯದಲ್ಲಿ ಮಾರ್ಗದರ್ಶಕರು ಇದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಪಿಎಚ್‌ಡಿ ಮುಗಿಯುವಾಗ ಹುಡುಗನಿಗೆ ಮೂವತ್ತಾಗುತ್ತದೆ, ಸಂಪಾದನೆ ಯಾವಾಗ, ಮದುವೆ ಯಾವಾಗ ಎಂಬುದು ಮನೆಮನೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ನೆಟ್ ಪರೀಕ್ಷೆಯ ಮೂಲಕ ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ಬಳಿಕ 42,000 ರೂಪಾಯಿ ನಿಗದಿಯಾಗಿದೆ. ಅದರ ಮೇಲೆ ಮನೆ ಬಾಡಿಗೆ ಭತ್ಯೆಯೂ ಉಂಟು. ಗೇಟ್ ಪರೀಕ್ಷೆಯ ಆಧಾರದಲ್ಲಿ ಐ.ಐ.ಟಿ., ಎನ್.ಐ.ಟಿ.ಗಳನ್ನು ಸೇರುವವರಿಗೂ ಫೆಲೋಶಿಪ್ ಇದೆ. ಹೊಸದಾಗಿ ಬಿ.ಇ. ಮುಗಿಸಿದ ಹುಡುಗನಿಗೆ ಪಟ್ಟಣದ ಕಂಟ್ರಾಕ್ಟರರು ಕೊಡುವ ಸಂಬಳದೊಂದಿಗೆ ಇದನ್ನು ಹೋಲಿಸಿ ನೋಡಲಿ. ಗಲ್ಫಿನ ಸೈಟುಗಳಲ್ಲಿ ದುಡಿದು ಕುಟುಂಬವನ್ನು ಸಾಕಿದವರನ್ನು ನಾವು ಕಿಂಚಿತ್ತೂ ಕೀಳಾಗಿ ಕಾಣುವುದಿಲ್ಲ. ಅದೊಂದೇ ದಾರಿ ಎಂಬ ನಂಬಿಕೆಯನ್ನು ಮಾತ್ರ ಪ್ರಶ್ನಿಸುತ್ತೇವೆ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಓದಿನಲ್ಲಿ ಮುಂದಿರುವ ನಮ್ಮ ಹುಡುಗಿಯರು ಪದವಿಯ ನಂತರ ಮನೆಯಲ್ಲಿ ಉಳಿಯುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಯು.ಜಿ.ಸಿ.ಯ 2022ರ ನಿಯಮಗಳಂತೆ ಪಿಎಚ್‌ಡಿ ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಇನ್ನೂ ಎರಡು ವರ್ಷಗಳ ರಿಯಾಯಿತಿ ನೀಡಲು ಅವಕಾಶವಿದೆ. 240 ದಿನಗಳವರೆಗಿನ ಹೆರಿಗೆ ಅಥವಾ ಶಿಶುಪಾಲನಾ ರಜೆಗೂ ಅವಕಾಶವಿದೆ. ಮದುವೆಯಾದೊಡನೆ ಓದು ಮುಗಿಯಿತು ಎನ್ನುವುದಕ್ಕೆ ಕಾನೂನಿನಲ್ಲಿ ಕಾರಣವಿಲ್ಲ. ಜಲಮಾದರಿಯ ಕೆಲಸದ ದೊಡ್ಡ ಪಾಲು ಕಂಪ್ಯೂಟರಿನ ಮುಂದೆ ನಡೆಯುವಂತಹದು. ಹರಿವಿನ ಲೆಕ್ಕಕ್ಕೆ ಬಳಸುವ ಹೆಸರಾಂತ ತಂತ್ರಾಂಶಗಳಲ್ಲಿ ಹಲವು ಉಚಿತವಾಗಿ ದೊರೆಯುತ್ತವೆ. ಸಕಲೇಶಪುರ, ತಿಮ್ಮನಹಳ್ಳಿ, ಎಂ.ಎಚ್. ಹಳ್ಳಿ, ಅಕ್ಕಿಹೆಬ್ಬಾಳುಗಳಲ್ಲಿ ಕೇಂದ್ರ ಜಲ ಆಯೋಗವು ಹೊಳೆಯ ಹರಿವನ್ನು ಅಳೆದ ದಾಖಲೆಗಳಿವೆ. ಗಂಗಾ, ಬ್ರಹ್ಮಪುತ್ರಾಗಳಂತೆ ಕಾವೇರಿಯ ದಾಖಲೆಗಳನ್ನು ಗೌಪ್ಯವಾಗಿ ಇಟ್ಟಿಲ್ಲ. ಗ್ರಾಮ ಪಂಚಾಯತಿ ಮಟ್ಟದ ಮಳೆಯ ದಾಖಲೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿದೆ. ಸಾಮಗ್ರಿ ಸಿದ್ಧವಿದೆ, ಕೂತು ದುಡಿಯುವವರು ಬೇಕು.

ಹಾಗೆಂದು ಪಿಎಚ್‌ಡಿ ಮಾಡಿದವರೆಲ್ಲರಿಗೂ ಸರಕಾರಿ ನೌಕರಿ ಖಚಿತ ಎಂದು ನಾವು ಹೇಳುವುದಿಲ್ಲ. ಅಂತಹ ಭರವಸೆ ಮೋಸವಾಗುತ್ತದೆ. ಅಧ್ಯಾಪನ, ಸಂಶೋಧನಾ ಸಂಸ್ಥೆಗಳು, ಯೋಜನಾ ಸಲಹಾ ಸಂಸ್ಥೆಗಳು ಎಂಬ ಮೂರು ದಾರಿಗಳಂತೂ ಇವೆ. 2021ರ ಅಣೆಕಟ್ಟು ಸುರಕ್ಷಾ ಕಾಯ್ದೆಯು ದೊಡ್ಡ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆಯನ್ನು ಕಡ್ಡಾಯಗೊಳಿಸಿದೆ. ಪ್ರವಾಹದ ಲೆಕ್ಕ ಬಲ್ಲವರಿಲ್ಲದೆ ಅಂತಹ ಯೋಜನೆ ಸಿದ್ಧವಾಗದು. ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಫೆಲೋಶಿಪ್ ಇಲ್ಲದೆ, ಮನೆಯವರನ್ನು ಸಾಲಕ್ಕೆ ನೂಕಿ ಸಂಶೋಧನೆಗೆ ಇಳಿಯಬಾರದು. ಹಾಗೆಯೇ, ಹಣ ಕೊಟ್ಟು ಪ್ರಬಂಧ ಬರೆಸಿಕೊಳ್ಳುವ ದಂಧೆಯ ಹತ್ತಿರವೂ ಸುಳಿಯಬಾರದು. ತಾನು ಮಾಡದ ಲೆಕ್ಕಕ್ಕೆ ತನ್ನ ಹೆಸರು ಹಾಕಿಕೊಂಡವನ ಮಾತನ್ನು ನಂಬಿ ನಾಳೆ ಒಂದು ಸೇತುವೆಯೋ ಏರಿಯೋ ಕಟ್ಟಲ್ಪಟ್ಟರೆ, ಅದು ಕುಸಿದಾಗ ಸಾಯುವವರು ಅಮಾಯಕರು.

ಕೊನೆಯದಾಗಿ ನಮ್ಮ ಜಮಾಅತ್‌ಗಳಿಗೂ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಿಗೂ ಒಂದು ಮಾತು. ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸುವ ಸಮಾರಂಭಗಳು ಪ್ರತಿ ವರ್ಷವೂ ನಡೆಯುತ್ತವೆ. ಆ ಮಕ್ಕಳು ಆರು ವರ್ಷಗಳ ಬಳಿಕ ಎಲ್ಲಿದ್ದಾರೆ ಎಂದು ಯಾರಾದರೂ ವಿಚಾರಿಸುತ್ತಾರೆಯೇ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಜಮಾಅತ್‌ಗಳು ಸೇರಿ ವರ್ಷಕ್ಕೆ ಕೇವಲ ನಾಲ್ಕು ಮಂದಿಯನ್ನು ಆರಿಸಲಿ. ಗೇಟ್ ಮತ್ತು ನೆಟ್ ಪರೀಕ್ಷೆಗೆ ಸಿದ್ಧವಾಗುವ ಆ ಒಂದು ವರ್ಷದ ತರಬೇತಿ, ಪುಸ್ತಕ, ವಸತಿಯ ಖರ್ಚನ್ನು ಹೊತ್ತುಕೊಳ್ಳಲಿ. ಪದವಿಗೂ ಫೆಲೋಶಿಪ್ಪಿಗೂ ನಡುವಿನ ಆ ಒಂದು ವರ್ಷದಲ್ಲಿಯೇ ನಮ್ಮ ಹೆಚ್ಚಿನ ಪ್ರತಿಭೆಗಳು ಕೈತಪ್ಪಿ ಹೋಗುತ್ತಿವೆ. ಹಿಂದುಳಿದ ವರ್ಗದ ಕೇಂದ್ರ ಪಟ್ಟಿಗೆ ಸೇರಿದ ಕುಟುಂಬಗಳು ಪ್ರಮಾಣ ಪತ್ರವನ್ನು ಸಕಾಲದಲ್ಲಿ ಮಾಡಿಸಿಕೊಳ್ಳುವಂತೆ ನೆರವಾಗುವುದೂ ಇದರೊಂದಿಗೆ ನಡೆಯಲಿ. ಇದಕ್ಕೆ ಬೇಕಾಗುವುದು ಒಂದು ಮದುವೆ ಮಂಟಪದ ಅಲಂಕಾರಕ್ಕೆ ನಾವು ಸುರಿಯುವ ಹಣಕ್ಕಿಂತ ಹೆಚ್ಚೇನೂ ಅಲ್ಲ.

ಹೇಮಾವತಿಯ ನೀರು ಅದನ್ನು ಕುಡಿಯುವವರ ಧರ್ಮವನ್ನು ಕೇಳುವುದಿಲ್ಲ. ಪ್ರವಾಹವೂ ಕೇಳುವುದಿಲ್ಲ. ಆ ಹೊಳೆಯ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿ ನಾಡಿನ ಮುಂದಿಡುವ ವಿದ್ವಾಂಸರಲ್ಲಿ ನಮ್ಮ ಮನೆಯ ಮಗನೂ ಮಗಳೂ ಇರಲಿ. ಸಮುದಾಯವು ತನ್ನ ಪಾಲನ್ನು ಕೇಳುವುದರಲ್ಲಿ ತಪ್ಪಿಲ್ಲ. ನಾಡಿಗೆ ತನ್ನ ಪಾಲನ್ನು ಕೊಡುವ ಕೆಲಸವನ್ನೂ ಅದು ಈಗಲೇ ಆರಂಭಿಸಬೇಕು.